ಬೇರು ಅಗೆದು ನೋಡಲು ಬಿಟ್ಟ ತೋಟ

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ನಮ್ಮಂಥವರಿಗೆ ಗಿಡಗಳ ಪಾಠ ಒಂದು ಹಂತದವರೆಗೆ ಸಲೀಸು. ಒದ್ದೆ ಹತ್ತಿಯಲ್ಲಿ ಕಾಳು ಮೊಳೆಸಬಹುದು, ಕುಂಡದಲ್ಲಿ ಒಂದೆರಡು ಸಸಿ ಬೆಳೆಸಬಹುದು. ಅದರಾಚೆಗೆ ಎಲ್ಲವೂ ಪುಸ್ತಕದ ಚಿತ್ರವೇ. ನನ್ನ ಒಂಬತ್ತು ವರ್ಷದ ಮಗ ಬೀನ್ಸ್‌ನಂಥ ಗಿಡಗಳ ಬೇರಿನಲ್ಲಿ ಮೂಡುವ ಬೇರುಗಂಟಿನ ಚಿತ್ರ ಬರೆದು, ಬಣ್ಣ ಹಚ್ಚಿ, ಹೆಸರು ಗುರುತಿಸಿದ್ದ. ಆದರೆ ನಿಜವಾದ ಗಂಟನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಹೋದ ವಾರ ಹೋಂಸ್ಕೂಲಿಂಗ್ ಮಾಡುವ ಕೆಲವು ಮನೆಯವರು ಸೇರಿ ಒಂದು ಸಾವಯವ ತೋಟದ ಅರ್ಧ ದಿನದ ಕಲಿಕಾ ಭೇಟಿಗೆ ಹೋಗಿದ್ದೆವು. ಹೋಗೋಣವೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಬೀನ್ಸ್ ಪಾತಿಯ ವಿಷಯ. ಇಡೀ ಭೇಟಿಗೆ ಅದೊಂದೇ ಸಾಕಿತ್ತು. ಮಕ್ಕಳು ಗಿಡಕ್ಕೆ ಕೈ ಹಾಕಿ ಎಳೆಯಲು ಹೊರಟಾಗ ತೋಟದಾಕೆ ತಡೆದರು. "ಎಳೆದರೆ ಗಂಟೆಲ್ಲ ಮಣ್ಣಲ್ಲೇ ಉಳಿದುಬಿಡುತ್ತೆ, ಸುತ್ತ ಅಗೆಯಿರಿ" ಎಂದು ಕೈಗೊಂದು ಸಣ್ಣ ಗುದ್ದಲಿ ಕೊಟ್ಟರು. ಮಣ್ಣಿನ ಹೆಂಟೆ ಸಮೇತ ಎತ್ತಿದ ಬೇರನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಮೆಲ್ಲಗೆ ಅಲ್ಲಾಡಿಸಿದಾಗ, ಸಾಸಿವೆ ಗಾತ್ರದ ಗಂಟುಗಳು ಒಂದೊಂದೇ ಕಂಡವು. ಮಗ ಒಂದನ್ನು ಉಗುರಿನಿಂದ ಸೀಳಿದ. ಒಳಗೆ ಗುಲಾಬಿ ಬಣ್ಣ! "ಅಮ್ಮಾ, ರಕ್ತ" ಎಂದ. ಆಕೆ ನಗಲಿಲ್ಲ. ನೀನು ಹೇಳಿದ್ದು ತುಂಬಾ ಹತ್ತಿರ ಬಂತು ಎಂದರು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನೇ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡ ಬಳಸಬಲ್ಲ ರೂಪಕ್ಕೆ ತರುತ್ತದೆ. ಅದಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಆದರೆ ಅದು ಹೆಚ್ಚಾದರೆ ಸಾರಜನಕ ಹಿಡಿಯುವ ಕೆಲಸವೇ ನಿಂತುಹೋಗುತ್ತದೆ. ಈ ಗುಲಾಬಿ ವಸ್ತು ಅದನ್ನು ಹದವಾಗಿ ಒದಗಿಸುತ್ತದೆ. ಗಂಟು ಒಳಗೆ ಗುಲಾಬಿ ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ, ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿದಿದೆ. ಗಾಳಿಯ ನೂರರಲ್ಲಿ 78 ಪಾಲು ಸಾರಜನಕವೇ ಆದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಬಾರದು ಎಂಬ ಸಾಲನ್ನು ನಾನು ಎಷ್ಟು ಸಲ ಓದಿಸಿದ್ದೆನೋ! ಆ ಗಂಟು ಸೀಳಿದ ಮೇಲೆ ಅವನಿಗೆ ಅದು ನಾಟಿತು.

ನನಗೆ ಇನ್ನೂ ಹಿಡಿಸಿದ್ದು ಆಕೆಯ ಪ್ರಾಮಾಣಿಕತೆ. ಬೀನ್ಸ್ ಹಾಕಿದರೆ ಮಣ್ಣು ತಾನೇ ಫಲವತ್ತಾಗುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಲಿಲ್ಲ. ಕಾಯಿ, ಕಾಳು ಕೊಯ್ದು ಒಯ್ದರೆ ಸಾರಜನಕದ ದೊಡ್ಡ ಪಾಲು ಅದರ ಜೊತೆಗೇ ಹೊರಟುಹೋಗುತ್ತದೆ, ಅದಕ್ಕೇ ಕಾಂಪೋಸ್ಟೂ ಬೇಕು ಎಂದು ಪಕ್ಕದ ಗುಡ್ಡೆಯ ಹತ್ತಿರ ಕರೆದೊಯ್ದರು. ಗುಡ್ಡೆಯೊಳಗೆ ಚುಚ್ಚಿದ್ದ ಉದ್ದನೆಯ ಥರ್ಮಾಮೀಟರ್ 58 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಬೆಂಕಿಯಿಲ್ಲದೆ ಇಷ್ಟು ಬಿಸಿ ಹೇಗೆ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕಂಡುಕೊಳ್ಳಲಿ ಎಂದು ಸಾಕಷ್ಟು ಹೊತ್ತು ಕಾದರು. ಕೊನೆಗೆ ಒಬ್ಬ ಹುಡುಗಿ "ಒಳಗಿರೋ ಸೂಕ್ಷ್ಮಜೀವಿಗಳು ತಿಂತಾ ಇವೆ" ಎಂದಳು.

ಈಗ ಬೇಸರದ ಭಾಗ. ಬಂದ ತಕ್ಷಣ ಎಲ್ಲರನ್ನೂ ಒಂದು ಕೊಠಡಿಯಲ್ಲಿ ಕೂರಿಸಿ ನಲವತ್ತು ನಿಮಿಷ ಸ್ಲೈಡ್ ತೋರಿಸಿದರು. ಪರದೆಯ ಮೇಲೆ ಕಂಡದ್ದೆಲ್ಲ ಕಿಟಕಿಯಾಚೆಗೇ ಇತ್ತು. ಆಮೇಲೆ ಎರಡು ಗುಂಪು ಮಾಡಿದರು. ಆರು ವರ್ಷದ ಮಗಳ ಗುಂಪು ಮೊದಲು ಕುಂಬಳದ ಬಳ್ಳಿಗೆ ಹೋಯಿತು. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣುಹೂ, ಬರೀ ತೊಟ್ಟಿರುವುದು ಗಂಡುಹೂ ಎಂದು ಗುರುತಿಸಿ, ಬ್ರಷ್‌ನಿಂದ ಪರಾಗ ಒಯ್ದು ಹಚ್ಚಿ ಬಂದಳು. ಮೂಗಿನ ಮೇಲೂ ಹಳದಿ. ಮಗನ ಗುಂಪು ಬರುವಷ್ಟರಲ್ಲಿ ಬಿಸಿಲೇರಿ ಹೂಗಳೆಲ್ಲ ಮುದುಡಿದ್ದವು. ಕುಂಬಳದ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ, ಒಮ್ಮೆ ಮುಚ್ಚಿದ್ದು ಮತ್ತೆ ಅರಳುವುದಿಲ್ಲ. ಇದು ತೋಟದವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೂವಿನ ಸಮಯ ನೋಡಿ ಕಾರ್ಯಕ್ರಮ ಹೊಂದಿಸಬೇಕಿತ್ತು. ಮಗನ ಮುಖ ನೋಡಿ ನನಗೆ ನಿಜಕ್ಕೂ ನೋವಾಯಿತು.

ಹಸಿರುಮನೆಯಲ್ಲಿ ಸುಮ್ಮನೆ ನಡೆಸಿಕೊಂಡು ಹೋದರು, ಹೇಳುವಂಥದ್ದೇನಿಲ್ಲ. ಕೊಟ್ಟ ವರ್ಕ್‌ಶೀಟ್ ತೀರಾ ಚಿಕ್ಕ ಮಕ್ಕಳದ್ದು. ಏಳು ದಾಟಿದವರಿಗೆ ಖಾಲಿ ನೋಟ್‌ಬುಕ್ ಮತ್ತು ಒಂದು ಭೂತಗನ್ನಡಿ ಕೊಟ್ಟು ಕಳಿಸಿ, ಅದೇ ವಾಸಿ. ನೆರಳು ಕಡಿಮೆ, ಟೋಪಿ ಮರೆಯಬೇಡಿ. ಬುಕ್ ಮಾಡುವಾಗಲೇ "ಸ್ಲೈಡ್ ಕೊನೆಗಿರಲಿ, ಹೂವಿನ ಬಳ್ಳಿ ಎಲ್ಲರಿಗೂ ಮೊದಲು" ಎಂದು ಕೇಳಿಕೊಳ್ಳಿ. ನಾನು ಆಮೇಲೆ ಹೇಳಿದಾಗ ಅವರು ಬೇಸರಿಸದೆ ಬರೆದುಕೊಂಡರು.

ಹೊರಡುವಾಗ ಪ್ರತಿ ಮಗುವಿಗೂ ಗಾಜಿನ ಬಾಟಲಿಯಲ್ಲಿ ಒಂದಿಷ್ಟು ಮಣ್ಣು ಕೊಟ್ಟರು. ಮನೆಯಲ್ಲಿ ನೀರು ತುಂಬಿ ಜೋರಾಗಿ ಕುಲುಕಿ ಇಟ್ಟೆವು. ಮರಳು ಒಂದೇ ನಿಮಿಷದಲ್ಲಿ ತಳ ಸೇರಿತು. ಅದರ ಮೇಲೆ ರೇವೆಯ, ಅಂದರೆ ಮರಳಿಗಿಂತ ನುಣುಪಾದ ಮಣ್ಣಿನ, ಪದರ ಕೂರಲು ಕೆಲವು ಗಂಟೆ ಹಿಡಿಯಿತು. ಜೇಡಿ ಮಾತ್ರ ಮೂರನೇ ದಿನವೂ ನೀರನ್ನು ಕದಡಿಯೇ ಇಟ್ಟಿದೆ. ಮಗ ಬೆಳಗ್ಗೆ ಎದ್ದವನೇ ಸ್ಕೇಲ್ ಹಿಡಿದು ಬಾಟಲಿಯ ಮುಂದೆ ಕೂರುತ್ತಾನೆ. ಮುಂದಿನ ತಿಂಗಳು ಮತ್ತೆ ಬುಕ್ ಮಾಡಿದ್ದೇನೆ, ಈ ಸಲ ಇಬ್ಬರಿಗೂ ಬೆಳಗಿನ ಮೊದಲ ಗುಂಪಿನಲ್ಲೇ.