ಬೇಲಿಗೆಂದು ಕೊಂಡ ಚೈನೀಸ್ ಪ್ರಿವೆಟ್: ಐದು ವರ್ಷಗಳ ನಂತರದ ಅಭಿಪ್ರಾಯ

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಬಳಿಯಿರುವ ನಮ್ಮ ಮನೆಯ ಹಿತ್ತಲಿಗೆ ಮರೆಯಾಗಲೆಂದು ಐದು ವರ್ಷಗಳ ಹಿಂದೆ ಸಮೀಪದ ನರ್ಸರಿಯೊಂದರಿಂದ 14 ಪ್ರಿವೆಟ್ ಸಸಿಗಳನ್ನು ತಂದು ನೆಟ್ಟಿದ್ದೆ. ಎಲೆಯಂಚು ಬೆಳ್ಳಗಿರುವ ಅಲಂಕಾರದ ತಳಿ ಅದು. ಬೇಗ ಬೆಳೆಯುತ್ತದೆ, ಹೆಚ್ಚಿನ ಆರೈಕೆ ಬೇಡ ಎಂದು ಕುಂಡದ ಚೀಟಿಯಲ್ಲಿತ್ತು, ಮತ್ತು ಆ ಎರಡು ಮಾತೂ ಅಕ್ಷರಶಃ ನಿಜವಾದವು. ಎರಡನೆಯ ವರ್ಷಕ್ಕೆ ಬೇಲಿ ಎದೆಯೆತ್ತರ ಬಂದಿತ್ತು. ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ ಗಿಡವೆಂದು ತಿಳಿದಾಗ ನನಗೆ ಸಂತೋಷವೂ ಆಗಿತ್ತು; ಆದರೆ ಇದರ ಸಣ್ಣ ಬಿಳಿ ಹೂಗೊಂಚಲುಗಳ ವಾಸನೆ ತಲೆ ಭಾರವಾಗುವಷ್ಟು ಗಾಢ.

ಬಣ್ಣದ ಎಲೆಗಳ ನಡುವೆ ಅಚ್ಚ ಹಸಿರು ಕೊಂಬೆಗಳು ಕಾಣಿಸಿಕೊಂಡಾಗ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಈ ತಳಿ ತನ್ನ ಮೂಲ ರೂಪಕ್ಕೆ ಮರಳುತ್ತದೆ, ಹಾಗೆ ಮರಳಿದ ಕೊಂಬೆಗಳು ಉಳಿದವನ್ನು ಮೀರಿ ಬೆಳೆದು, ಹೂ ಬಿಟ್ಟು, ಶರತ್ಕಾಲದಲ್ಲಿ ನೀಲಿಗಪ್ಪು ಹಣ್ಣುಗಳಿಂದ ತುಂಬುತ್ತವೆ. ಚಳಿಗಾಲವಿಡೀ ಗಿಡದಲ್ಲೇ ಉಳಿಯುವ ಆ ಹಣ್ಣುಗಳನ್ನು ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ಯುತ್ತವೆ. ನಾಲ್ಕನೆಯ ವರ್ಷ ಮನೆಯ ಹಿಂದಿನ ತೊರೆಯ ದಡದಲ್ಲಿ ಪ್ರಿವೆಟ್ ಸಸಿಗಳನ್ನು ಕಂಡಾಗ ಮನಸ್ಸಿಗೆ ನಿಜಕ್ಕೂ ನೋವಾಯಿತು.

ಚೀನಾ, ತೈವಾನ್, ವಿಯೆಟ್ನಾಂ ಮೂಲದ ಈ ಗಿಡ ಅಮೆರಿಕಕ್ಕೆ 1852ರಲ್ಲಿ ಅಲಂಕಾರಕ್ಕೆಂದೇ ಬಂದಿತು. ಇಂದು ಆಗ್ನೇಯ ರಾಜ್ಯಗಳ ನದೀತೀರದ ಕಾಡುಗಳಲ್ಲಿ ಮರಗಳ ಕೆಳಗೆ ದಟ್ಟ ಪೊದೆಯಾಗಿ ಹಬ್ಬಿ, ಸ್ಥಳೀಯ ಸಸಿಗಳಿಗೆ ಬೆಳಕೇ ಸಿಗದಂತೆ ಮಾಡಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಇದು ಕಳೆ. ಬಂಡೀಪುರದ ಕಾಡಿನಲ್ಲಿ ಲಂಟಾನ ಹಬ್ಬಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೆಗೆಯುವ ಕೆಲಸ ನೆಡುವುದಕ್ಕಿಂತ ಹತ್ತು ಪಟ್ಟು ಕಷ್ಟ. ಕಡಿದಷ್ಟೂ ಬುಡದಿಂದಲೂ ಬೇರಿನಿಂದಲೂ ಮತ್ತೆ ಚಿಗುರುತ್ತದೆ. ಎಳೆಯ ಸಸಿಗಳನ್ನು ಮಳೆ ಬಿದ್ದ ಮರುದಿನ ಬೇರುಸಹಿತ ಕಿತ್ತೆ. ದೊಡ್ಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಗಾಯ ಒಣಗುವ ಮೊದಲೇ ಗ್ಲೈಫೋಸೇಟ್ ಕಳೆನಾಶಕ ಬಳಿದೆ. ಬೀಜಗಳು ಮಣ್ಣಿನಲ್ಲಿ ಬಹುಕಾಲ ಜೀವಂತವಾಗಿರುವುದಿಲ್ಲ ಎಂಬುದೊಂದೇ ಸಮಾಧಾನ. ಇದೇ ರಾಜ್ಯದ ಒಕೋನಿ ನದಿಯ ಬಯಲಿನಲ್ಲಿ 2005ರಲ್ಲಿ ಸಂಶೋಧಕರು ಪ್ರಿವೆಟ್ ತೆರವುಗೊಳಿಸಿದ ಜಾಗಗಳಲ್ಲಿ ಜೇನುನೊಣದ ಜಾತಿಯ ಕೀಟಗಳೂ ಚಿಟ್ಟೆಗಳೂ ಹೆಚ್ಚಿದವೆಂದು ಓದಿದ ಮೇಲೆ ಹಾರೆ ಹಿಡಿಯಲು ಹುಮ್ಮಸ್ಸು ಬಂದಿತು.

ಬೇಲಿಯಾಗಿ ಇದರಲ್ಲಿ ಕೊರತೆಯಿಲ್ಲ, ಆದರೂ ಐದರಲ್ಲಿ ಒಂದೇ ನಕ್ಷತ್ರ ಕೊಡುತ್ತೇನೆ, ಏಕೆಂದರೆ ಇದು ಬೇಲಿಯೊಳಗೆ ನಿಲ್ಲುವ ಗಿಡವಲ್ಲ, ಮತ್ತು ಆ ಸಂಗತಿಯನ್ನು ಚೀಟಿಯಲ್ಲಾಗಲಿ ಮಾರುವವರ ಬಾಯಲ್ಲಾಗಲಿ ನಾನು ಕಾಣಲಿಲ್ಲ, ಕೇಳಲಿಲ್ಲ. ಅದೇ ಸಾಲಿನಲ್ಲಿ ಈಗ ಈ ನೆಲದ್ದೇ ಆದ, ವರ್ಷವಿಡೀ ಹಸಿರಾಗಿರುವ ಯೋಪಾನ್ ಹಾಲಿ ನೆಟ್ಟಿದ್ದೇನೆ. ಅದು ನಿಧಾನಕ್ಕೆ ಬೆಳೆಯುತ್ತಿದೆ, ಇನ್ನೂ ಮೊಣಕಾಲೆತ್ತರವಷ್ಟೇ ಇದೆ.