ದುಡ್ಡಿನ ನಿಭಾವಣೆಗೆ ಅಂಕ: ನಾಲ್ಕು ಅಳತೆ ಹಾಕಿ ನೋಡಿದ್ದು

ದುಡ್ಡು ನಿಭಾಯಿಸುವುದಕ್ಕೆ ಅಂಕ ಕೊಡುವ ನಾಲ್ಕು ಅಳತೆಗಳನ್ನು ನನ್ನ ಮೇಲೇ ಹಾಕಿ ನೋಡಿದೆ. ಒಂದು ಹೇಳಿದ್ದನ್ನು ಇನ್ನೊಂದು ಹೇಳಲಿಲ್ಲ.

ಕ್ರೆಡಿಟ್ ಸ್ಕೋರ್ ಎಲ್ಲರಿಗೂ ಗೊತ್ತು. ಅಮೆರಿಕದ ಫೈಕೋ ಸ್ಕೋರ್ 300ರಿಂದ 850ರವರೆಗೆ ಹೋಗುತ್ತದೆ. ಅದರಲ್ಲಿ 35% ತೂಕ ಸಮಯಕ್ಕೆ ಸರಿಯಾಗಿ ಕಟ್ಟಿದ್ದಕ್ಕೆ, 30% ಬಾಕಿ ಇರುವ ಸಾಲಕ್ಕೆ. ಸಂಬಳ, ಉಳಿತಾಯ ಎರಡೂ ಲೆಕ್ಕಕ್ಕಿಲ್ಲ. ನನ್ನದು ಚೆನ್ನಾಗಿಯೇ ಇತ್ತು. ಆದರೆ ಅದು ಸಾಲ ಕೊಡುವವರ ಧೈರ್ಯಕ್ಕೆ, ನನ್ನ ಧೈರ್ಯಕ್ಕಲ್ಲ.

ಇನ್ನೊಂದು, ದುಡ್ಡಿನ ತಿಳಿವಳಿಕೆ ಅಳೆಯಲು ಅರ್ಥಶಾಸ್ತ್ರಜ್ಞರಾದ ಲುಸಾರ್ಡಿ ಮತ್ತು ಮಿಚೆಲ್ ರೂಪಿಸಿದ ಮೂರು ಪ್ರಶ್ನೆಗಳು: ಬಡ್ಡಿ, ಬೆಲೆಯೇರಿಕೆ, ಒಂದೇ ಕಂಪನಿಯ ಷೇರಿಗೆ ದುಡ್ಡು ಹಾಕುವ ಅಪಾಯ. ಸುಲಭವಾಗಿವೆ. ಬಡ್ಡಿ ಲೆಕ್ಕ ಬರುವವರೆಲ್ಲ ಕ್ರೆಡಿಟ್ ಕಾರ್ಡ್ ಬಾಕಿ ಪೂರ್ತಿ ಕಟ್ಟುತ್ತಾರಾ? ಇಲ್ಲ ಅಲ್ವಾ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ.

ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2015ರಲ್ಲಿ ತಂದ ಪಟ್ಟಿಯಲ್ಲಿ 10 ಪ್ರಶ್ನೆಗಳಿವೆ, ಅಂಕ 0ಯಿಂದ 100. ಇದು ಮನಸ್ಸನ್ನು ಕೇಳುತ್ತದೆ. ಮದುವೆಗೋ ಹುಟ್ಟುಹಬ್ಬಕ್ಕೋ ಉಡುಗೊರೆ ಕೊಟ್ಟರೆ ಆ ತಿಂಗಳು ಕೈ ಬಿಗಿಯಾಗುತ್ತದಾ ಅನ್ನುವುದು ಅದರಲ್ಲೊಂದು. ಪ್ರಶ್ನೆ ಚೆನ್ನಾಗಿದೆ. ಆದರೆ ಸಂಬಳ ಬಂದ ವಾರ ಒಂದು ಉತ್ತರ ಕೊಟ್ಟೆ, ತಿಂಗಳ ಕೊನೆಗೆ ಇನ್ನೊಂದು. ಖಾತೆಗಿಂತ ಜಾಸ್ತಿ ಬದಲಾಗಿದ್ದು ನನ್ನ ಮೂಡ್.

ಫೈನಾನ್ಷಿಯಲ್ ಹೆಲ್ತ್ ನೆಟ್‌ವರ್ಕ್ ಅನ್ನುವ ಅಮೆರಿಕದ ಲಾಭರಹಿತ ಸಂಸ್ಥೆಯ ಫಿನ್‌ಹೆಲ್ತ್ ಸ್ಕೋರ್‌ಗೆ 8 ಪ್ರಶ್ನೆ ಸಾಕು. ಖರ್ಚು, ಉಳಿತಾಯ, ಸಾಲ, ಮುಂದಿನ ತಯಾರಿ ಎಲ್ಲವನ್ನೂ ಮುಟ್ಟುತ್ತದೆ. 100ರಲ್ಲಿ 80 ಅಥವಾ ಅದಕ್ಕೂ ಮೇಲಿದ್ದರೆ ಆರೋಗ್ಯ, 40ಕ್ಕಿಂತ ಕೆಳಗಿದ್ದರೆ ಕಷ್ಟ. ವಿಮೆಯ ಬಗ್ಗೆ 'ಎಷ್ಟು ಭರವಸೆ ಇದೆ' ಅಂತ ಕೇಳುವುದು ಮಾತ್ರ ನನಗೆ ಹಿಡಿಸಲಿಲ್ಲ. ಅದೂ ಅನಿಸಿಕೆಯೇ.

ಆದರೂ ನನ್ನ ಓಟು ಇದಕ್ಕೇ, ಒಂದು ಪ್ರಶ್ನೆಯ ಕಾರಣಕ್ಕೆ. ಸಾಲ ಮಾಡದೆ, ನಿವೃತ್ತಿಯ ಹಣ ಮುಟ್ಟದೆ, ಕೈಗೆ ಸಿಗುವ ದುಡ್ಡಲ್ಲೇ ಎಷ್ಟು ದಿನ ಮನೆ ನಡೆಸಬಹುದು? ನಾನೂ ನನ್ನ ಹೆಂಡತಿಯೂ ಬೇರೆ ಬೇರೆಯಾಗಿ ಉತ್ತರ ಗುರುತು ಹಾಕಿದೆವು. ಅವಳು 3ರಿಂದ 5 ತಿಂಗಳು ಅಂದಳು, ನಾನು 1ರಿಂದ 2. ಅವಳು ಸೇರಿಸಿದ್ದ ಠೇವಣಿಯನ್ನು ನಾನು ಮಗಳ ಓದಿಗೆ ಅಂತ ಮನಸ್ಸಲ್ಲೇ ಎತ್ತಿಟ್ಟಿದ್ದೆ. ಆ ದುಡ್ಡು ಯಾವುದಕ್ಕೆ ಅಂತ ನಾವು ಮಾತಾಡಿಯೇ ಇರಲಿಲ್ಲ. ಉಳಿದ ಮೂರು ಅಳತೆಗಳಲ್ಲಿ ಇದು ಹೊರಗೆ ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಇಬ್ಬರು ದುಡ್ಡು ನೋಡಿಕೊಳ್ಳುವವರಿದ್ದರೆ ಫಿನ್‌ಹೆಲ್ತ್ ಪ್ರಶ್ನೆಗಳನ್ನು ಬೇರೆ ಬೇರೆ ಕೂತು ತುಂಬಿ, ಆಮೇಲೆ ಹೋಲಿಸಿ ನೋಡಿ.