ಆಟೋಮ್ಯಾಟಿಕ್ ಪಿಕಪ್‌ನ ಗೇರ್‌ಬಾಕ್ಸ್ ಬಿಸಿ ಆಗ್ತಿದೆಯೇ? ಇಳಿಸೋಕೆ ಹೂಂ ಅನ್ನುವ ಮುಂಚೆ ಇದನ್ನು ಓದಿ

ಹಾವೇರಿ ಕಡೆಯ ಒಂದು ಆಟೋಮ್ಯಾಟಿಕ್ ಡೀಸೆಲ್ ಪಿಕಪ್. ಅಂಕೋಲಾದಿಂದ ಲೋಡ್ ಹೇರಿಕೊಂಡು ಅರಬೈಲ್ ಘಟ್ಟ ಏರುವಾಗ ಗೇರ್‌ಬಾಕ್ಸ್ ಆಯಿಲ್ ಬಿಸಿಯ ದೀಪ ಹತ್ತಿತು, ಯಲ್ಲಾಪುರ ದಾಟಿದ ಮೇಲೆ ಆರಿತು. ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಒಯ್ದರೆ ಸ್ಕ್ಯಾನರ್ ಹಚ್ಚಲಿಲ್ಲ, ಕೈಯಿಟ್ಟೂ ನೋಡಲಿಲ್ಲ. "ಆಯಿಲ್ ಸುಟ್ಟೈತ್ರೀ, ಬದ್ಲಿ ಮಾಡೂನು" ಎಂದು ಎಲ್ಲ ಗಾಡಿಗೂ ಆಗುತ್ತೆ ಎನ್ನುವ ಡಬ್ಬಿ ಆಯಿಲ್ ಅಂದಾಜಿಗೆ ಸುರಿದರು. ಮುಂದಿನ ಲೋಡಿಗೆ ದೀಪ ಇನ್ನೂ ಬೇಗ ಹತ್ತಿತು. ಆಗ ಬಂದ ಮಾತು: "ಕನ್ವರ್ಟರ್ ಹೋಗೇತ್ರೀ ಸಾಹೇಬ್ರ, ಇಳಸಬೇಕಾಕ್ಕೇತಿ." ಕನ್ವರ್ಟರ್ ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಗೇರ್‌ಬಾಕ್ಸ್ ಇಳಿಸಿದರು, ಬಿಚ್ಚಿದರು, ಕ್ಲಚ್ ಪ್ಲೇಟು, ಸೀಲ್ ಕಿಟ್ಟು ಹೊಸವು ಹಾಕಿದರು. ಬಿಲ್ಲು ಲಕ್ಷ ದಾಟಿತು. ಬೇಸಿಗೆಯಲ್ಲಿ ಅದೇ ಘಟ್ಟ, ಅದೇ ದೀಪ.

ತಪ್ಪು ಸಿಕ್ಕಿದ್ದು ಗ್ರಿಲ್ ಬಿಚ್ಚಿ ಟಾರ್ಚ್ ಹಿಡಿದಾಗ. ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಗೋವಿನಜೋಳದ ಹೊಟ್ಟು, ಹತ್ತಿ ಎಳೆ, ಎರೆಮಣ್ಣು ಸೇರಿ ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಮುಂದಿನಿಂದ ನೋಡಿದರೆ ಕಂಡೆನ್ಸರ್ ಥಳಥಳ. ವಾಟರ್ ವಾಷಿನವರು ಪ್ರೆಷರ್ ಹೊಡೆದು ಹೊಡೆದು ಕಸವನ್ನು ಒಳಗೆ ತಳ್ಳಿದ್ದರು, ಅಷ್ಟೇ. ಸುಗ್ಗಿಯಲ್ಲಿ ರೋಡಿನ ಮೇಲೆಯೇ ರಾಶಿ ಹರವುವ ನಮ್ಮ ಗದಗ, ನರಗುಂದ, ಸವಣೂರು ದಾರಿಗಳಲ್ಲಿ ಓಡುವ ಯಾವ ಗಾಡಿಗೂ ಇದು ತಪ್ಪಿದ್ದಲ್ಲ.

ಹಾಗಾದರೆ ಎಂಜಿನ್ ಟೆಂಪರೇಚರ್ ಮುಳ್ಳು ಯಾಕೆ ಏರಲಿಲ್ಲ? ಬಹಳ ಜನ ಮೋಸ ಹೋಗುವುದು ಇಲ್ಲೇ. ಈಗಿನ ಗಾಡಿಗಳ ಮುಳ್ಳು ಹೆಚ್ಚೂಕಡಿಮೆ 80ರಿಂದ 105 ಡಿಗ್ರಿವರೆಗೂ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಗೇರ್ ಆಯಿಲ್‌ನ ಕೂಲರ್ ಹಲವು ಪಿಕಪ್‌ಗಳಲ್ಲಿ ರೇಡಿಯೇಟರಿನ ತಣ್ಣನೆ ಬದಿಯ ಟ್ಯಾಂಕಿನೊಳಗೆ ಇರುತ್ತದೆ. ಹೊರಗಿನ ಗಾಳಿಯ ದಾರಿ ಕಟ್ಟಿದರೆ ಮೊದಲು ಕಾಯುವುದು ಆ ಟ್ಯಾಂಕ್. ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆದು ಎಂಜಿನ್ ಹೇಗೋ ಸಂಭಾಳಿಸಿಕೊಳ್ಳುತ್ತದೆ, ಗೇರ್ ಆಯಿಲ್‌ಗೆ ಮಾತ್ರ ತಂಪು ಸಿಗುವುದಿಲ್ಲ. ಬೋರಿನ ಗಡಸು ನೀರನ್ನೇ ರೇಡಿಯೇಟರಿಗೆ ಹಾಕುತ್ತ ಬಂದ ಗಾಡಿಯಲ್ಲಿ ಒಳಗೆ ಸುಣ್ಣ ಕಟ್ಟಿಯೂ ಇದೇ ಆಗುತ್ತದೆ.

ಬಿಚ್ಚುವ ಮುಂಚೆ ತಿಳಿಯಬೇಕಾದ್ದು ಒಂದೇ: ಬಿಸಿ ಹೆಚ್ಚು ಹುಟ್ಟುತ್ತಿದೆಯೋ, ಹುಟ್ಟಿದ ಬಿಸಿ ಹೊರಗೆ ಹೋಗುತ್ತಿಲ್ಲವೋ? ಎರಡನೆಯದಾದರೆ ಗೇರ್‌ಬಾಕ್ಸ್ ಮುಟ್ಟುವ ಕೆಲಸವೇ ಇಲ್ಲ.

ದೀಪ ನಂಬಬೇಡಿ, ಅಂಕಿ ನೋಡಿ. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಸಾದಾ ಓಬಿಡಿ ಆ್ಯಪ್‌ಗಳಲ್ಲಿ ಗೇರ್ ಆಯಿಲ್ ಟೆಂಪರೇಚರ್ ತಾನಾಗಿ ಕಾಣುವುದಿಲ್ಲ, ನಿಮ್ಮ ಮಾಡೆಲ್ಲಿನ ಕೋಡ್ ಹಾಕಬೇಕು, ಇಲ್ಲವೇ ಒಳ್ಳೆಯ ಸ್ಕ್ಯಾನರ್ ಬೇಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಗ್ನಿಷನ್ ಮಾತ್ರ ಆನ್ ಮಾಡಿ. ಗೇರ್ ಆಯಿಲ್, ಕೂಲೆಂಟ್, ಒಳಬರುವ ಗಾಳಿ ಮೂರೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ 20 ಡಿಗ್ರಿ ಆಚೆ ಇದ್ದರೆ ಸೆನ್ಸರ್ ಅಥವಾ ವೈರಿಂಗ್ ಸುಳ್ಳು ಹೇಳುತ್ತಿದೆ. ಓಡುವಾಗ ಗೇರ್ ಆಯಿಲ್ ಬಯಲಿನಲ್ಲಿ 80ರಿಂದ 95 ಡಿಗ್ರಿ ಸಹಜ. ಲೋಡಿನೊಂದಿಗೆ ಘಟ್ಟದಲ್ಲಿ 105-110 ಮುಟ್ಟಿ, ಸಪಾಟು ಬಂದ ಕೂಡಲೇ ಇಳಿದರೆ ಗಾಬರಿ ಬೇಡ. ಪ್ಯಾನಿನ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆಯ) ಸೆನ್ಸರ್ 120ರಲ್ಲೇ ನಿಂತರೆ ಗಾಡಿ ನಿಲ್ಲಿಸಿ. ಕೆಲವು ಗಾಡಿಗಳಲ್ಲಿ ಕನ್ವರ್ಟರಿನಿಂದ ಹೊರಬರುವ ಆಯಿಲ್‌ಗೆ ಬೇರೆ ಸೆನ್ಸರ್ ಇರುತ್ತದೆ. ಅದು ಥಟ್ಟನೆ ಏರುತ್ತದೆ, ಥಟ್ಟನೆ ಇಳಿಯುತ್ತದೆ, ಅದನ್ನು ಪ್ಯಾನಿನ ಅಂಕಿ ಎಂದುಕೊಳ್ಳಬೇಡಿ.

ಮುಂದೆ ಕೂಲರ್ ಪೈಪುಗಳು. ಹೋಗುವ ಪೈಪಿಗೂ ಬರುವ ಪೈಪಿಗೂ ಕರಿ ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಇನ್ಫ್ರಾರೆಡ್ ಗನ್ ಹಿಡಿಯಿರಿ. ಹೊಳೆಯುವ ಲೋಹಕ್ಕೆ ನೇರ ಹಿಡಿದರೆ ಅಂಕಿ ಕಡಿಮೆ ತೋರಿಸುತ್ತದೆ. ಗೇರ್‌ಬಾಕ್ಸ್ ಪೂರ್ತಿ ಕಾದ ಮೇಲೆ ಬರುವ ಪೈಪು ಹೋಗುವುದಕ್ಕಿಂತ ಸ್ಪಷ್ಟವಾಗಿ ತಣ್ಣಗಿರಬೇಕು. ಎರಡೂ ಒಂದೇ ಸಮ ಸುಡುತ್ತಿದ್ದರೆ ಆಯಿಲ್ ಹರಿಯುತ್ತಿದೆ, ಕೂಲರ್ ತಂಪು ಮಾಡುತ್ತಿಲ್ಲ: ಗಾಳಿ, ಕಸ, ಫ್ಯಾನ್ ನೋಡಿ. ಗೇರ್‌ಬಾಕ್ಸ್ 110 ಇದ್ದೂ ಪೈಪುಗಳು ಕೈಹಿಡಿಯುವಷ್ಟು ತಣ್ಣಗಿದ್ದರೆ ಆಯಿಲ್ ಕೂಲರಿಗೆ ಹೋಗುತ್ತಲೇ ಇಲ್ಲ: ಆಯಿಲ್ ಕಾಯುವವರೆಗೆ ಅದನ್ನು ಕೂಲರಿಗೆ ಬಿಡದ ಥರ್ಮಲ್ ಬೈಪಾಸ್ ವಾಲ್ವ್ ಸಿಕ್ಕಿಕೊಂಡಿದೆ ಅಥವಾ ಕೂಲರ್ ಕಟ್ಟಿದೆ.

ಫ್ಯಾನ್ ಬೆಲ್ಟಿನ ಮೇಲೆ ಓಡುವ ವಿಸ್ಕಸ್ ಕಪ್ಲಿಂಗಿನದಾದರೆ (ಬಿಸಿಯಾದಾಗ ಒಳಗಿನ ದ್ರವ ಫ್ಯಾನನ್ನು ಬಿಗಿ ಹಿಡಿಯುವ ಜೋಡಣೆ), ಎಂಜಿನ್ ಚೆನ್ನಾಗಿ ಕಾದಾಗ ಆಫ್ ಮಾಡಿ, ಕೀ ತೆಗೆದು ಕೈಯಿಂದ ತಿರುಗಿಸಿ. ಬಿಗಿ ಇರಬೇಕು. ಸುಯ್ಯನೆ ಸುತ್ತು ಹಾಕಿದರೆ ಒಳಗಿನ ಸಿಲಿಕೋನ್ ದ್ರವ ಸೋರಿದೆ, ಕಪ್ಲಿಂಗ್ ಬದಲಿಸಿ.

ಈಗ ಬಿಸಿ ಹುಟ್ಟುವ ಕಡೆ. ಓಟದಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ, ಕನ್ವರ್ಟರಿನ ಲಾಕಪ್ ಕ್ಲಚ್ ಹಿಡಿಯದಿದ್ದರೆ ಆಯಿಲ್ ಒಳಗೇ ಕಡೆದು ಕಾಯುತ್ತದೆ. ಖಾಲಿ ರಸ್ತೆಯಲ್ಲಿ, ಕಾದ ಗಾಡಿಯಲ್ಲಿ, 80ರ ಒಂದೇ ವೇಗದಲ್ಲಿ ಆಕ್ಸಿಲರೇಟರ್ ಹಾಗೇ ಇಟ್ಟು ಎಡಗಾಲಿಂದ ಬ್ರೇಕನ್ನು ಹಿಂದಿನ ಬ್ರೇಕ್ ದೀಪ ಹತ್ತುವಷ್ಟೇ ಮುಟ್ಟಿ. ಆರ್‌ಪಿಎಂ ಮುಳ್ಳು ತುಸು ಮೇಲೆ ಜಿಗಿದರೆ ಲಾಕಪ್ ಹಿಡಿದಿತ್ತು, ಬ್ರೇಕಿಗೆ ಬಿಟ್ಟಿತು ಎಂದರ್ಥ. ಜಿಗಿಯದಿದ್ದರೆ ಅದು ಹಿಡಿದೇ ಇರಲಿಲ್ಲ. ಆಗಲೂ ಮೊದಲು ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ ಕರೆಂಟ್ ವಾಲ್ವ್), ಬ್ರೇಕ್ ಸ್ವಿಚ್ ನೋಡಬೇಕು, ಕನ್ವರ್ಟರ್ ಆಮೇಲೆ. ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿದವರಿಗೆ ಒಂದು ಮಾತು: ಗೇರ್ ಅನುಪಾತ ಕೆಡುತ್ತದೆ, ಏರಿನಲ್ಲಿ ಲಾಕಪ್ ಬಿಟ್ಟೇ ಇರುತ್ತದೆ.

ಇನ್ನು ಆಯಿಲ್. ಅಂದಾಜಿನ ಸುರಿಯುವಿಕೆ ಆ ಗಾಡಿಗೆ ಯಾಕೆ ಕೇಡು ಮಾಡಿತು ಅಂದರೆ, ಮಟ್ಟ ಹೆಚ್ಚಾದಾಗ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಿಂದ ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ, ಬಿಸಿ ಇನ್ನೂ ಏರುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಫಲ ಅದೇ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ನಲ್ಲಿ ಮಟ್ಟ ನೋಡುವ ರೀತಿ ಒಂದೇ: ಸಪಾಟು ಜಾಗ, ಎಂಜಿನ್ ಐಡ್ಲಿಂಗ್, ಲಿವರನ್ನು ಪಿ ಯಿಂದ ಡಿ ವರೆಗೆ ಒಮ್ಮೆ ಆಡಿಸಿ ಮತ್ತೆ ಪಿ ಗೆ ತಂದು, ಆಯಿಲ್ ಕೈಪಿಡಿ ಹೇಳಿದ ಬಿಸಿಗೆ ಬಂದಾಗ (ಹಲವು ಗಾಡಿಗಳಿಗೆ 40-45 ಡಿಗ್ರಿ ಆಸುಪಾಸು) ಓವರ್‌ಫ್ಲೋ ಪ್ಲಗ್ ಬಿಚ್ಚಿ, ಧಾರೆ ನಿಂತು ಹನಿಯಾದಾಗ ಮುಚ್ಚುವುದು. ಆಯಿಲ್ ಕೈಪಿಡಿಯಲ್ಲಿ ಬರೆದ ಗ್ರೇಡೇ ಆಗಬೇಕು. ಟೊಯೋಟಾ ಹೈಲಕ್ಸ್‌ಗೆ ಎ.ಟಿ.ಎಫ್. (ಆಟೋಮ್ಯಾಟಿಕ್ ಗೇರ್ ಆಯಿಲ್) ಡಬ್ಲ್ಯೂ.ಎಸ್. ಎಂದಿದ್ದರೆ ಅದೇ, "ಹಂಗss ಇದು ಸೈತ" ಎನ್ನುವ ಡಬ್ಬಿ ಅಲ್ಲ. ಡ್ರೇನ್ ಪ್ಲಗ್ ಬಿಚ್ಚಿ ಇಳಿಸಿದರೆ ಪೂರ್ತಿ ಆಯಿಲ್ ಬರುವುದಿಲ್ಲ, ದೊಡ್ಡ ಪಾಲು ಕನ್ವರ್ಟರಿನಲ್ಲೇ ಉಳಿಯುತ್ತದೆ.

ಹಳೆ ಆಯಿಲನ್ನು ಬಿಳಿ ಕಾಗದದ ಮೇಲೆ ಹನಿಸಿ ನೋಡದೆ ಗ್ಯಾರೇಜಿನಿಂದ ಹೊರಡಬೇಡಿ. ಕಂದು ಬಣ್ಣ ವಯಸ್ಸಿನದು. ಕಪ್ಪಾಗಿ, ಸುಟ್ಟ ವಾಸನೆ, ಬೆರಳಿಗೆ ಕರಿ ಪುಡಿ ಹತ್ತಿದರೆ ಕ್ಲಚ್ ಸವೆದಿದೆ, ಆಗ ಬಿಚ್ಚುವ ಮಾತಿಗೆ ಅರ್ಥವಿದೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲೆಂಟ್ ಸೇರಿದೆ. ಆ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡದೆ ಟೋ ಮಾಡಿಸಿ, ನೀರು ಕ್ಲಚ್ ಲೈನಿಂಗಿನ ಅಂಟನ್ನು ಬಿಡಿಸಿಬಿಡುತ್ತದೆ.

ಘಟ್ಟದಲ್ಲಿ ದೀಪ ಹತ್ತಿದರೆ ಬದಿಗೆ ಹಚ್ಚಿ, ಪಾರ್ಕಿಗೆ ಹಾಕಿ, ಎ.ಸಿ. ಆಫ್ ಮಾಡಿ, ಎಂಜಿನ್ ಮಾತ್ರ ಆಫ್ ಮಾಡಬೇಡಿ. 1200-1500 ಆರ್‌ಪಿಎಂನಲ್ಲಿ ಓಡಲಿ, ಆಯಿಲ್ ಪಂಪೂ ಫ್ಯಾನೂ ಕೆಲಸ ಮಾಡುವುದು ಆಗಲೇ. ಮತ್ತೆ ಹೊರಟಾಗ ಮ್ಯಾನ್ಯುವಲ್ ಮೋಡಿನಲ್ಲಿ ಒಂದು ಗೇರ್ ಕೆಳಗಿಟ್ಟು ಏರಿ. ಕಸ ತೆಗೆಸುವಾಗ ಕಂಡೆನ್ಸರನ್ನು ಮುಂದೆ ವಾಲಿಸಿ, ಎಂಜಿನ್ ಬದಿಯಿಂದ ಹೊರಗೆ, ಸಣ್ಣ ಒತ್ತಡದಲ್ಲಿ ನೀರು ಹೊಡೆಸಿ. ಆ ಹಾವೇರಿ ಗಾಡಿಗೆ ಬೇಕಿದ್ದದ್ದು ಇಷ್ಟು, ಮೇಲೆ ಸರಿಯಾದ ಆಯಿಲ್ ಸರಿಯಾದ ಮಟ್ಟಕ್ಕೆ.